ಊರು ಬಿಡಲು ಕಲಿಸಿದ ಸಿನಿಮಾ, ಊರಲ್ಲೇ ಉಳಿದ ಹುಡುಗರು

1967ರ ಸೆಪ್ಟೆಂಬರ್. ಹ್ಯೂ ಒಕಾನರ್ ಎಂಬ ಕೆನಡಾದ ಚಿತ್ರನಿರ್ಮಾಪಕರು ಅಮೆರಿಕದ ಕೆಂಟಕಿ ರಾಜ್ಯದ ಲೆಚರ್ ಕೌಂಟಿಗೆ ಬಂದಿದ್ದರು. ಗಣಿಯಿಂದ ಮರಳಿ, ಮೈಗೆ ಮೆತ್ತಿದ ಕಲ್ಲಿದ್ದಲ ಮಸಿಯಲ್ಲೇ ಜಗಲಿಯ ಮೇಲೆ ಕೂತಿದ್ದ ಕಾರ್ಮಿಕನೊಬ್ಬನನ್ನು, ಅವನ ಒಪ್ಪಿಗೆ ಪಡೆದೇ, ಅವರ ತಂಡ ಚಿತ್ರೀಕರಿಸಿತು. ಆದರೆ ಮನೆ ಬಾಡಿಗೆಯದು. ಅದರ ಮಾಲೀಕ ಹೋಬಾರ್ಟ್ ಐಸನ್ ಬಂದೂಕು ಹಿಡಿದು ಬಂದು ತನ್ನ ಜಾಗ ಬಿಟ್ಟು ಹೋಗಿ ಎಂದು ಕೂಗಿದ. ತಂಡ ಸಾಮಾನು ಹೊತ್ತು ಹೊರಡುತ್ತಿದ್ದಾಗಲೇ ಗುಂಡು ಹಾರಿತು. ಒಕಾನರ್ ಸತ್ತರು.

ಊರಿನಲ್ಲಿ ಹಲವರು ನಿಂತದ್ದು ಕೊಂದವನ ಪರವಾಗಿ. ಮೊದಲ ವಿಚಾರಣೆಯಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಆಮೇಲೆ ಐಸನ್ ಕಡಿಮೆ ತೀವ್ರತೆಯ ಅಪರಾಧವನ್ನು ಒಪ್ಪಿಕೊಂಡ. ಹತ್ತು ವರ್ಷದ ಶಿಕ್ಷೆಯಲ್ಲಿ ಒಂದು ವರ್ಷ ಕಳೆದು ಪೆರೋಲ್ ಮೇಲೆ ಹೊರಬಂದ. ಆ ಕೊಲೆಗೆ ಸಮರ್ಥನೆ ಇಲ್ಲ. ಆದರೆ ಅದರ ಹಿಂದಿದ್ದ ಸಿಟ್ಟಿಗೆ ಚರಿತ್ರೆ ಇತ್ತು. 1964ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಬಡತನದ ಮೇಲೆ ಯುದ್ಧ ಸಾರಿದ ಮೇಲೆ ಅಪಲೇಶಿಯಾ ಬೆಟ್ಟಸೀಮೆಗೆ ಕ್ಯಾಮೆರಾಗಳು ಸಾಲುಗಟ್ಟಿದವು. ಮುರುಕು ಮನೆ, ಬರಿಗಾಲ ಮಕ್ಕಳು ದೇಶದ ಟಿವಿಯಲ್ಲೆಲ್ಲ ಕಂಡರು. ಅಲ್ಲಿಯವರಿಗೆ ಮೊದಲೇ ಅಂಟಿದ್ದ ಹೆಸರು 'ಹಿಲ್‌ಬಿಲಿ'. ನಮ್ಮ 'ಹಳ್ಳಿ ಗುಗ್ಗು' ಅದಕ್ಕೆ ಹತ್ತಿರದ ಮಾತು.

ಇದಾಗಿ ಎರಡು ವರ್ಷಕ್ಕೆ, 1969ರಲ್ಲಿ, ಅದೇ ಕೌಂಟಿಯ ಕೇಂದ್ರವಾದ ವೈಟ್ಸ್‌ಬರ್ಗ್ ಎಂಬ ಪುಟ್ಟ ಊರಿನಲ್ಲಿ ಸಿನಿಮಾ ಕಲಿಸುವ ಕಾರ್ಯಾಗಾರವೊಂದು ತೆರೆಯಿತು. ಹಣ ಅದೇ ಬಡತನ ನಿವಾರಣೆಯ ಯೋಜನೆಯದು, ಜೊತೆಗೆ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್. ನಡೆಸಲು ಬಂದವರು ಯೇಲ್‌ನಲ್ಲಿ ವಾಸ್ತುಶಿಲ್ಪ ಓದಿದ್ದ ಬಿಲ್ ರಿಚರ್ಡ್‌ಸನ್. ಸೇರಿದವರಲ್ಲಿ ಹೈಸ್ಕೂಲಿನ ಹುಡುಗ ಹುಡುಗಿಯರಿದ್ದರು. ನಮ್ಮ ಲೆಕ್ಕದಲ್ಲಿ ಪಿಯುಸಿ ವಯಸ್ಸಿನವರು.

ಯೋಜನೆಯ ಗುರಿ ನೇರವಾಗಿತ್ತು: ಬಡ ಮನೆಯ ಮಕ್ಕಳಿಗೆ ಸಿನಿಮಾ, ಟಿವಿ ಕೆಲಸ ಕಲಿಸಿ ನೌಕರಿಗೆ ಅಣಿಗೊಳಿಸುವುದು. ಆದರೆ ಆ ಬೆಟ್ಟಗಳಲ್ಲಿ ಅಂಥ ನೌಕರಿ ಎಲ್ಲಿತ್ತು? ಕೆಲಸ ಕಲಿತವರು ಊರು ಬಿಡಲೇಬೇಕು. ಗಣಿಗಳಿಗೆ ಯಂತ್ರ ಬಂದ ಮೇಲೆ ಸಾವಿರಾರು ಸಂಸಾರಗಳು ಡೆಟ್ರಾಯಿಟ್, ಸಿನ್ಸಿನಾಟಿಯ ಕಾರ್ಖಾನೆಗಳ ದಾರಿ ಹಿಡಿದಿದ್ದವು. ಈ ಕಾರ್ಯಾಗಾರವೂ ಅದೇ ದಾರಿಗೆ ಇನ್ನೊಂದು ಬಾಗಿಲು.

ಮಕ್ಕಳು ಆ ಬಾಗಿಲಿನಿಂದ ಹೊರಗೆ ಹೋಗಲಿಲ್ಲ. ಕಣ್ಣೆದುರು ಇದ್ದದ್ದನ್ನು ಚಿತ್ರೀಕರಿಸತೊಡಗಿದರು: ಹಂದಿ ಕೊಯ್ಯುವ ದಿನ, ಸೂಲಗಿತ್ತಿ, ಗಣಿ ಕೆಲಸ, ಹಳೇ ಪದ್ಧತಿಯ ಬ್ಯಾಪ್ಟಿಸ್ಟ್ ಪ್ರಾರ್ಥನೆ. 16 ಎಂಎಂ ಫಿಲ್ಮಿನ ನೂರು ಅಡಿಯ ಸುರುಳಿ ಮೂರು ನಿಮಿಷವೂ ಓಡುವುದಿಲ್ಲ. ಗುಂಡಿ ಒತ್ತುವ ಮೊದಲೇ ಯಾರನ್ನು, ಎಲ್ಲಿಂದ, ಯಾಕೆ ಎಂದು ತೀರ್ಮಾನಿಸಿಕೊಳ್ಳಬೇಕು. ಇನ್ನೊಂದು ಕಟ್ಟುಪಾಡು ಇದಕ್ಕಿಂತ ದೊಡ್ಡದು. ಹೊರಗಿನ ತಂಡ ಚಿತ್ರೀಕರಿಸಿ ಹೊರಟುಹೋಗುತ್ತದೆ. ಊರಿನ ಹುಡುಗ ಚಿತ್ರೀಕರಿಸಿದರೆ ಮಾರನೇ ದಿನ ಅದೇ ಮುದುಕಿ ಅಂಗಡಿಯಲ್ಲಿ ಎದುರಾಗುತ್ತಾಳೆ.

ಗಣಿ ಕಾರ್ಮಿಕರ ಮನೆತನದ ಹರ್ಬ್ ಇ. ಸ್ಮಿತ್ ಆ ಮೊದಲ ತಂಡದವರಲ್ಲಿ ಒಬ್ಬರು. 1971ರ ಅವರ 'ಇನ್ ಯಾ ಬ್ಲಡ್' ಚಿತ್ರದ ವಿಷಯವೇ ಹೈಸ್ಕೂಲು ಮುಗಿಸಿದ ಹುಡುಗನ ಇಕ್ಕಟ್ಟು: ಕಾಲೇಜಿಗೆಂದು ಹೊರಡುವುದೋ, ಉಳಿದು ಗಣಿಗೆ ಇಳಿಯುವುದೋ. ಶೀರ್ಷಿಕೆಯ 'ಯಾ' ಗಮನಿಸಿ. ಅದು ವ್ಯಾಕರಣ ಪುಸ್ತಕದ ಇಂಗ್ಲಿಷ್ ಅಲ್ಲ, ಆಡುಮಾತು. ಟಿವಿ ಹಾಸ್ಯಗಳು ನಗಿಸಲು ಬಳಸುತ್ತಿದ್ದ ಆ ಬೆಟ್ಟದ ನುಡಿ ಇಲ್ಲಿ ಗಂಭೀರ ವಿಷಯಗಳನ್ನು ಆಡಿತು. ಈ ತಂಡದ ಎಷ್ಟೋ ಚಿತ್ರಗಳಲ್ಲಿ ನಿರೂಪಕನ ದನಿ ಇಲ್ಲ. ಊರಿನವರು ತಮ್ಮ ಮಾತಲ್ಲೇ ಹೇಳುತ್ತಾರೆ. ಭಾಷಾಶಾಸ್ತ್ರ ಓದಿದವಳಿಗೆ ನನಗೆ ಇದು ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. ಒಂದು ನುಡಿಗೆ 'ಅನುವಾದಕ' ಬೇಕಿಲ್ಲ ಎಂದು ಒಪ್ಪುವುದು ಅದರ ಜನರನ್ನು ಒಪ್ಪಿದಂತೆ.

ಸರ್ಕಾರದ ಹಣ ನಿಂತ ಮೇಲೂ ಕಾರ್ಯಾಗಾರ ಮುಚ್ಚಲಿಲ್ಲ. ಕಲಿಯಲು ಬಂದವರೇ ಅದನ್ನು ತಮ್ಮ ಸಂಸ್ಥೆ ಮಾಡಿಕೊಂಡರು. ಅದೇ 'ಅಪಲ್‌ಶಾಪ್'. ಮುಂದೆ ರಂಗತಂಡ, ಧ್ವನಿಮುದ್ರಣ ಸಂಸ್ಥೆ, 1985ರಲ್ಲಿ ರೇಡಿಯೋ ಕೇಂದ್ರ ಬಂದವು. 1988ರಲ್ಲಿ ಮುಂದಿನ ತಲೆಮಾರಿನ ಹದಿಹರೆಯದವರಿಗೆ ಚಿತ್ರ ಮಾಡಲು ಕಲಿಸುವ ಅಪಲೇಶಿಯನ್ ಮೀಡಿಯಾ ಇನ್‌ಸ್ಟಿಟ್ಯೂಟ್ ಶುರುವಾಯಿತು. ಆ ಮಕ್ಕಳು ತಮ್ಮ ಊರುಗಳನ್ನು ತಿನ್ನುತ್ತಿದ್ದ ನೋವಿನ ಮಾತ್ರೆಗಳ ಚಟದ ಬಗ್ಗೆಯೂ ಚಿತ್ರ ಮಾಡಿದರು. ತಮ್ಮ ಊರಿನ ಕೆಟ್ಟದ್ದನ್ನು ಮುಚ್ಚಿಡುವುದು ಅಲ್ಲಿನ ಪಾಠವಾಗಿರಲಿಲ್ಲ. 2000ದಲ್ಲಿ ಅಪಲ್‌ಶಾಪ್‌ನ ಎಲಿಜಬೆತ್ ಬ್ಯಾರೆಟ್ 'ಸ್ಟ್ರೇಂಜರ್ ವಿತ್ ಎ ಕ್ಯಾಮೆರಾ' ಚಿತ್ರದಲ್ಲಿ ಒಕಾನರ್ ಕೊಲೆಗೇ ಮರಳಿದರು. ತೋರಿಸುವವನ ಹೊಣೆ, ತೋರಿಸಲ್ಪಟ್ಟವನ ಸಿಟ್ಟು ಎರಡನ್ನೂ ಅವರು ಬಿಡದೆ ಕೇಳಿದರು.

2022ರ ಜುಲೈನಲ್ಲಿ ಅಲ್ಲಿನ ನದಿ ಉಕ್ಕಿ ಅಪಲ್‌ಶಾಪ್‌ನ ಸಂಗ್ರಹಕ್ಕೆ ನುಗ್ಗಿತು. ಕೆಸರು ಮೆತ್ತಿದ ಸುರುಳಿಗಳನ್ನು ಜನ ಕೈಯಾರೆ ಎತ್ತಿ ಉಳಿಸತೊಡಗಿದರು.

ಮುಂಬೈ, ಪುಣೆ, ದೆಹಲಿಯಲ್ಲಿ ಇದನ್ನು ಓದುತ್ತಿರುವ ನಾವು ಬಹಳಷ್ಟು ಮಂದಿ ಊರು ಬಿಡುವ ವಿದ್ಯೆಯನ್ನೇ ಕಲಿತವರು, ಇಲ್ಲವೇ ಅಂಥವರ ಮಕ್ಕಳು. ಅದರಲ್ಲಿ ತಪ್ಪೇನಿಲ್ಲ, ಹೊಟ್ಟೆಪಾಡು. ಈಗ ಕ್ಯಾಮೆರಾ ಹೈಸ್ಕೂಲು ಮಕ್ಕಳ ಜೇಬಿನಲ್ಲೇ ಇದೆ, ಸುರುಳಿ ಮುಗಿಯುವ ಭಯವೂ ಇಲ್ಲ. ಅವರಿಗೆ ಸಿನಿಮಾ ಕಲಿಸುವಾಗ ಎಡಿಟಿಂಗ್ ಆ್ಯಪ್‌ಗಿಂತ ಮೊದಲು ವೈಟ್ಸ್‌ಬರ್ಗ್‌ನ ಪ್ರಶ್ನೆ ಕೇಳಬಹುದು: ನೀನು ಯಾರನ್ನು ತೋರಿಸುತ್ತೀಯೋ ಅವರ ಪಕ್ಕದಲ್ಲೇ ಕೂತು ಈ ಚಿತ್ರ ನೋಡಬಲ್ಲೆಯಾ? ರಜೆಗೆ ಬಂದ ಗದಗದ ಅಜ್ಜಿ ತನ್ನದೇ ಕನ್ನಡದಲ್ಲಿ ಮಾತಾಡಲಿ. ಮೇಲೆ ಇನ್ನೊಂದು ದನಿ ಬೇಡ.