ರೂವಾರಿಯ ಸಹಿ: ಬೇಲೂರಿನ ಕಲ್ಲಿನ ಮೇಲಿದ್ದ ಪ್ರೊಫೈಲ್

ಅರೇಹಳ್ಳಿಯಲ್ಲಿ ಬಸ್ ಹತ್ತಿ ಬೇಲೂರಿಗೆ ಹೋಗೋ ಹುಡುಗ್ರು ಹುಡುಗೀರು ದಾರಿಯುದ್ದಕ್ಕೂ ಫೋನ್ ಹಿಡಿದಿರ್ತಾರೆ. ಒಬ್ರು ಲಿಂಕ್ಡ್‌ಇನ್ ಬಯೋ ತಿದ್ದುತ್ತಿದ್ರೆ, ಇನ್ನೊಬ್ರು ತಮ್ಮ ಕೆಲಸದ ರೀಲ್ ಹಾಕ್ತಿರ್ತಾರೆ. ಕೆಲಸ ಸಿಗಬೇಕು ಅಂದ್ರೆ ನಾಲ್ಕು ಜನಕ್ಕೆ ನಮ್ಮ ಗುರ್ತಿರಬೇಕಲ್ಲ! ಈ ಚಿಂತೆ ಹೊಸದೇನಲ್ಲ. ಬಸ್ಸಿಳಿದು ಚೆನ್ನಕೇಶವ ದೇವಸ್ಥಾನಕ್ಕೆ ಹೋಗಿ. ವಿಗ್ರಹದ ಮುಖ ನೋಡಿದ್ದು ಸಾಕು, ಒಮ್ಮೆ ಅದರ ಪೀಠ ನೋಡಿ. ಕೆಲವು ಕಡೆ ಅಕ್ಷರಗಳಿವೆ. ಕೆತ್ತಿದವರ ಸಹಿ ಅದು.

1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಈ ಗುಡಿಗೆ ದಾಸೋಜ ಮತ್ತು ಅವನ ಮಗ ಚಾವಣ ಬಂದಿದ್ದು ಬಳ್ಳಿಗಾವೆಯಿಂದ. ಅಂದ್ರೆ ಇವತ್ತಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಿಂದ. ಮದನಿಕೆಯರಲ್ಲಿ ಕೆಲವರನ್ನು ಕೆತ್ತಿದವರು ಇವರೇ. ಸಹಿಯಲ್ಲಿ ಹೆಸರು, ಊರು, ಅಪ್ಪನ ಹೆಸರು ಬರುತ್ತೆ. ಜೊತೆಗೆ ಬಿರುದು! ಎದುರಾಳಿ ಶಿಲ್ಪಿಗಳನ್ನ ಬಗ್ಗುಬಡಿಯುವವನು ಅನ್ನೋ ಥರದ ಬಿರುದುಗಳು. ಹಿಂದಿನವರು ಬಹಳ ವಿನಯವಂತರು ಅಂತ ಯಾರಾದ್ರೂ ಭಾಷಣ ಮಾಡಿದ್ರೆ ಇದನ್ನ ತೋರಿಸಿ.

ಆದ್ರೆ ಒಂದು ವ್ಯತ್ಯಾಸ ಇದೆ. ಆ ಬಿರುದು ಇರೋದು ಕೆಲಸದ ಕೆಳಗೇ. ಓದಿದವನು ತಲೆ ಎತ್ತಿದ್ರೆ ಸಾಕು, ಮಾತು ನಿಜವೋ ಸುಳ್ಳೋ ಅಲ್ಲೇ ಗೊತ್ತಾಗುತ್ತೆ.

ಈಗ ಮಲ್ಲಿತಮ್ಮನ ಕಥೆಗೆ ಬರೋಣ. ಶಿಲ್ಪಿಗೆ ಆಗ ರೂವಾರಿ ಅಂತಿದ್ರು. ಇವತ್ತು ‘ಗೆಲುವಿನ ರೂವಾರಿ’ ಅಂತ ಕ್ರಿಕೆಟ್ ಸುದ್ದಿಯಲ್ಲಿ ಬರುತ್ತಲ್ಲ, ಅದೇ ಪದ. ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದ ಗುಡಿಯಲ್ಲಿದೆ. ಆಮೇಲೆ ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನಲ್ಲಿ, 1246ರ ನುಗ್ಗೇಹಳ್ಳಿಯಲ್ಲಿ, ಕೊನೆಗೆ ಸೋಮನಾಥಪುರದಲ್ಲಿ. ಐವತ್ತು ವರ್ಷಕ್ಕೂ ಮೀರಿ ಒಂದೇ ಹೆಸರು ಊರಿಂದ ಊರಿಗೆ ನಡೆದಿದೆ. ಇಷ್ಟು ದೀರ್ಘ ಕಾಲ ಒಬ್ಬನೇ ಕೆಲಸ ಮಾಡಿರಬಹುದಾ ಅಂತ ಕೇಳೋರೂ ಇದ್ದಾರೆ, ಕೇಳಬೇಕಾದ್ದೇ.

ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿ ನನಗೆ ಇದರಲ್ಲಿ ತುಂಬಾ ಇಷ್ಟ. ಅಲ್ಲಿ ದಕ್ಷಿಣದ ಗೋಡೆ ಬೈಚೋಜನದು, ಉತ್ತರದ್ದು ಮಲ್ಲಿತಮ್ಮನದು. ಒಂದೇ ಗುಡಿಯಲ್ಲಿ ಇಬ್ಬರು ಹೆಸರಾಂತರು! ಬೈಚೋಜನ ಕೈ ಶಾಂತ, ಮಲ್ಲಿತಮ್ಮನದು ಬಿರುಸು ಅಂತ ನೋಡಿದವರು ಹೇಳ್ತಾರೆ. ಪೈಪೋಟಿ ಇದ್ದೇ ಇರಬೇಕು. ಹಾಗಂತ ಒಬ್ಬ ಇನ್ನೊಬ್ಬನ ಹಾಗೆ ಕೆತ್ತಲು ಹೋಗಲಿಲ್ಲ, ಗುಡಿಯೂ ಅರ್ಧಕ್ಕೆ ನಿಲ್ಲಲಿಲ್ಲ.

ಮಲ್ಲಿತಮ್ಮ ಎಷ್ಟೋ ಕಡೆ ಪೂರ್ತಿ ಹೆಸರನ್ನೂ ಕೆತ್ತಿಲ್ಲ. ‘ಮಲ್ಲಿ’, ಅಥವಾ ಬರೀ ‘ಮ’. ಬಿರುದಿಲ್ಲ, ಊರಿಲ್ಲ. ಬಹುಶಃ ಜೊತೆಗೆ ಉಳಿ ಹಿಡಿದವರಿಗೆ, ಕೂಲಿ ಕೊಡುವವರಿಗೆ ಒಂದಕ್ಷರ ಸಾಕಾಗಿತ್ತು. ಕೂಲಿ ಲೆಕ್ಕಕ್ಕೆ ಹಾಕಿದ ಗುರುತು ಇರಬಹುದು ಅಂತಲೂ ಅನ್ನಬಹುದು. ಅದಾದ್ರೂ ಗುರ್ತೇ ತಾನೆ?

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿ ಸೇರಿದಾಗ ನಮ್ಮೆಲ್ಲರ ಸ್ಟೇಟಸ್ ತುಂಬಾ ಫೋಟೋ ಇತ್ತು. ಆ ಗೋಡೆಗಳಲ್ಲಿ ಸಹಿ ಇಲ್ಲದ ಶಿಲ್ಪಗಳೇ ಜಾಸ್ತಿ. ಕಲ್ಲು ಕಡಿದವರ, ಸಾಗಿಸಿದವರ ಹೆಸರನ್ನಂತೂ ಯಾವ ಪೀಠದಲ್ಲೂ ಹುಡುಕಬೇಡಿ. ದಾಸೋಜನಿಗೆ ಅವರೆಲ್ಲ ಹೆಸರು ಹಿಡಿದು ಕರೆಯುವಷ್ಟು ಗೊತ್ತಿದ್ದಿರಬೇಕು.