ತಿಂಗಳಿಗೆ ಐದೇ ಐದು ರೂಪಾಯಿ

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇಕಡಾ 18ರ ಜಿಎಸ್‌ಟಿ ಸೊನ್ನೆಯಾಯ್ತು. ಬೆಲೆ ಇಳೀತಲ್ಲ, ಇನ್ನು ವಿಮೆ ಇಲ್ಲದವರೆಲ್ಲ ಮಾಡಿಸಿಬಿಡ್ತಾರೆ ಅನ್ನೋ ಮಾತು ಎಲ್ಲ ಕಡೆ ಕೇಳಿಬಂತು. ನಿಜವಾಗಲೂ ಮಾಡಿಸ್ತಾರಾ? ಉತ್ತರ ಹುಡುಕೋಕೆ ದೆಹಲಿಗೆ ಹೋಗಬೇಕಿಲ್ಲ. ನಮ್ಮ ಕರ್ನಾಟಕದ ಹಳ್ಳಿಗಳ ಸಹಕಾರ ಸಂಘಗಳಲ್ಲೇ ಇಪ್ಪತ್ತು ವರ್ಷಗಳ ಹಿಂದೆ ಈ ಪರೀಕ್ಷೆ ನಡೆದಿದೆ. ಫಲಿತಾಂಶವೂ ಬಂದಿದೆ. ಅದನ್ನು ನಾವು ಮರೆತಿದ್ದೀವಿ, ಅಷ್ಟೇ.

ಕಥೆ ಶುರುವಾಗೋದು 2003ರಲ್ಲಿ. ಎಸ್.ಎಂ. ಕೃಷ್ಣ ಮುಖ್ಯಮಂತ್ರಿ. ಆಗ ರೈತನ ಮನೆಗೆ ವಿಮೆ ಅಂದರೆ ಎಲ್‌ಐಸಿ ಏಜೆಂಟ್, ಅಷ್ಟೇ. ಸರ್ಕಾರಿ ವಿಮಾ ಕಂಪನಿಗಳ ಮೆಡಿಕ್ಲೇಮ್ 1986ರಿಂದಲೇ ಇತ್ತು ನಿಜ. ಆದರೆ ಅದು ನಗರದ ಸಂಬಳದಾರರ ಸರಕು. ಹಳ್ಳಿಯಲ್ಲಿ ಹೃದಯದ ಆಪರೇಷನ್ ಅಂದರೆ ಏನರ್ಥ? ಜಮೀನು ಅಡ ಇಡೋದು, ಇಲ್ಲಾ ಎತ್ತು ಮಾರೋದು, ಎರಡೂ ಆಗದಿದ್ದರೆ ಹಣೆಬರಹ ಅಂತ ಕೈಚೆಲ್ಲಿ ಕೂರೋದು.

ಆಗ ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿಯವರು ಮತ್ತು ರಾಜ್ಯದ ಸಹಕಾರ ಇಲಾಖೆ ಸೇರಿ ಒಂದು ಲೆಕ್ಕ ಹಾಕಿದರು. ಸಹಕಾರ ಸಂಘಗಳಲ್ಲಿ ಲಕ್ಷಾಂತರ ರೈತರು ಸದಸ್ಯರಾಗಿದ್ದಾರೆ. ಒಬ್ಬೊಬ್ಬರೂ ತಿಂಗಳಿಗೆ ಐದು ರೂಪಾಯಿ ಕೊಟ್ಟರೆ? ವರ್ಷಕ್ಕೆ 60 ರೂಪಾಯಿ. ಸರ್ಕಾರವೂ ತನ್ನ ಪಾಲು ಸೇರಿಸಿತು. 2003ರ ಜೂನ್ 1ರಿಂದ ಯಶಸ್ವಿನಿ ಜಾರಿಗೆ ಬಂತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಎರಡನೇ ವರ್ಷ ಸಂಖ್ಯೆ 20 ಲಕ್ಷ ದಾಟಿತು.

ಅದೇ 2003ರಲ್ಲಿ ಇನ್ನೊಂದು ಯೋಜನೆಯೂ ಬಂತು. ಕೇಂದ್ರದ ವಾಜಪೇಯಿ ಸರ್ಕಾರದ ಸಾರ್ವತ್ರಿಕ ಆರೋಗ್ಯ ವಿಮೆ. ದಿನಕ್ಕೆ ಒಂದೇ ರೂಪಾಯಿ ಅನ್ನೋ ಘೋಷಣೆ. ಕೇಳೋಕೆ ಎಷ್ಟು ಚೆನ್ನಾಗಿದೆ ನೋಡಿ! ಆದರೆ ದಿನಕ್ಕೊಂದು ರೂಪಾಯಿಯಂತೆ ಕಟ್ಟೋಕೆ ಅಲ್ಲಿ ಡಬ್ಬಿ ಇಟ್ಟಿರಲಿಲ್ಲ. ಒಬ್ಬರಿಗೆ ವರ್ಷಕ್ಕೆ 365, ಐದು ಜನರ ಕುಟುಂಬಕ್ಕೆ 548 ರೂಪಾಯಿ, ಒಟ್ಟಿಗೇ ಕಟ್ಟಬೇಕು. ಬಡವರು ಅದರ ಹತ್ತಿರವೂ ಸುಳಿಯಲಿಲ್ಲ. ಮರುವರ್ಷವೇ ಸರ್ಕಾರ ಸಬ್ಸಿಡಿ ಹೆಚ್ಚಿಸಿ, ಬಿಪಿಎಲ್ ಕುಟುಂಬಗಳಿಗೆ ಮಾತ್ರ ಅಂತ ಯೋಜನೆಯನ್ನೇ ಬದಲಿಸಬೇಕಾಯ್ತು.

ಎರಡರ ನಡುವೆ ಬೆಲೆಯ ವ್ಯತ್ಯಾಸ ಇತ್ತು, ಒಪ್ಪೋಣ. ಆದರೆ ಬೆಲೆ ಮಾತ್ರ ಅಲ್ಲ. ಯಶಸ್ವಿನಿಯ ವಂತಿಗೆ ಕೇಳಿದವರು ಊರಿನ ಸಹಕಾರ ಸಂಘದವರು. ಪರಿಚಯದ ಮುಖ, ನಂಬಿಕೆಯ ಬಾಗಿಲು. ಕೇಂದ್ರದ ಪಾಲಿಸಿ ಮಾರಬೇಕಾದ ವಿಮಾ ಕಚೇರಿ ಇದ್ದದ್ದು ಪೇಟೆಯಲ್ಲಿ. ಅಲ್ಲಿಗೆ ಹೋಗಿಬರೋ ಬಸ್ ಚಾರ್ಜು, ಕಳೆದುಹೋಗೋ ಒಂದು ದಿನದ ಕೂಲಿ, ಇವೂ ಬೆಲೆಯೇ ಅಲ್ವಾ?

ಈಗ ಬನ್ನಿ, ನಿಜವಾದ ಪರೀಕ್ಷೆಗೆ. 20 ಲಕ್ಷ ಜನ ತಲಾ 60 ರೂಪಾಯಿ ಕೊಟ್ಟರೆ ಬರೋದು 12 ಕೋಟಿ. ಎರಡನೇ ವರ್ಷದ ಆಪರೇಷನ್‌ಗಳ ಬಿಲ್ಲು ಅದನ್ನೂ ಮೀರಿಹೋಗಿತ್ತು. ಕಂತು ಏರಿಸದೆ ದಾರಿ ಇರಲಿಲ್ಲ. ಮೂರನೇ ವರ್ಷ, ಅಂದರೆ 2005ರಲ್ಲಿ, 60 ಇದ್ದದ್ದು 120 ಆಯ್ತು. ತಿಂಗಳಿಗೆ ಐದು ರೂಪಾಯಿ ಹೆಚ್ಚು, ಅಷ್ಟೇ. ನಮಗೆ ನಿಮಗೆ ಅದು ಲೆಕ್ಕಕ್ಕೇ ಬರೋದಿಲ್ಲ. ಆದರೆ ಏನಾಯ್ತು? ಸದಸ್ಯರ ಸಂಖ್ಯೆ 15 ಲಕ್ಷಕ್ಕಿಂತ ಕೆಳಗಿಳಿಯಿತು. ಒಂದೇ ವರ್ಷದಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನರ ಕೊರತೆ!

ಬಿಟ್ಟುಹೋದವರು ಯಾರು? ಇಲ್ಲೇ ಇರೋದು ವಿಮೆಯ ಗುಟ್ಟು. ಸದಸ್ಯರು ಕಡಿಮೆಯಾದರೂ ಆ ವರ್ಷ ಆಪರೇಷನ್‌ಗಳ ಸಂಖ್ಯೆ ಕಡಿಮೆಯಾಗಲಿಲ್ಲ. ಹಿಂದಿನ ವರ್ಷ ಸುಮಾರು 15 ಸಾವಿರ ಇದ್ದದ್ದು 19 ಸಾವಿರ ದಾಟಿತು. ಯೋಜನೆಯ ಬಗ್ಗೆ ಜನರಿಗೆ ತಿಳಿವಳಿಕೆ ಹೆಚ್ಚಿದ್ದೂ ಒಂದು ಕಾರಣ ಇರಬಹುದು. ಆದರೆ ಮನೆಯ ಲೆಕ್ಕಾಚಾರವನ್ನೂ ನೋಡಿ. ಕಂತು ತಲೆಗಿಷ್ಟು ಅಂತ ಇದ್ದಾಗ, ಬೆಲೆ ಏರಿದ ತಕ್ಷಣ ಮನೆಯವರು ಏನು ಮಾಡ್ತಾರೆ? ಮಂಡಿ ನೋವಿನ ಅಜ್ಜಿಯ ಹೆಸರು ಬರೆಸ್ತಾರೆ, ಗಟ್ಟಿಮುಟ್ಟಾದ ಮಗನ ಹೆಸರು ಬಿಡ್ತಾರೆ. ತಪ್ಪು ಅನ್ನೋಕಾಗುತ್ತಾ? ಆದರೆ ಹುಷಾರಾಗಿರೋರು ಹೊರಗೆ ಹೋದಷ್ಟೂ ಒಳಗೆ ಉಳಿದವರ ಖರ್ಚು ಹೆಚ್ಚುತ್ತೆ. ಖರ್ಚು ಹೆಚ್ಚಿದರೆ ಮತ್ತೆ ಕಂತು ಏರುತ್ತೆ. ಇನ್ನಷ್ಟು ಜನ ಹೊರಗೆ ಹೋಗ್ತಾರೆ. ಇದು ವಿಮೆಯನ್ನೇ ನುಂಗೋ ಸುಳಿ.

ಯಶಸ್ವಿನಿ ಆ ಸುಳಿಯಲ್ಲಿ ಮುಳುಗಲಿಲ್ಲ. 120 ರೂಪಾಯಿ ಹಾಗೇ ಉಳಿದಾಗ ಮರುವರ್ಷದಿಂದಲೇ ಜನ ಮತ್ತೆ ಸೇರಿದರು. 2008-09ರ ಹೊತ್ತಿಗೆ ಸಂಖ್ಯೆ 30 ಲಕ್ಷ ಮುಟ್ಟಿತು. ಪಕ್ಕದ ಮನೆಯವನು ಆಪರೇಷನ್ ಮಾಡಿಸ್ಕೊಂಡು ಜಮೀನು ಮಾರದೆ ವಾಪಸ್ ಬಂದಿದ್ದನ್ನು ಕಣ್ಣಾರೆ ಕಂಡವರಿಗೆ ಬೇರೆ ಜಾಹೀರಾತು ಬೇಕಾ?

2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದಲ್ಲಿ ಸೇರಿಸಿದರು. ರೈತರ ಒತ್ತಾಯ ನಿಲ್ಲಲಿಲ್ಲ. ಬಸವರಾಜ ಬೊಮ್ಮಾಯಿ ಸರ್ಕಾರ 2022ರಲ್ಲಿ ಮತ್ತೆ ಶುರು ಮಾಡಿತು. ಈ ಸಲ ಒಂದು ಮುಖ್ಯ ಬದಲಾವಣೆ: ಗ್ರಾಮೀಣ ಭಾಗದಲ್ಲಿ ನಾಲ್ಕು ಜನರ ಕುಟುಂಬಕ್ಕೆ ಒಟ್ಟು 500 ರೂಪಾಯಿ. ತಲೆ ಲೆಕ್ಕ ಹೋಗಿ ಕುಟುಂಬದ ಲೆಕ್ಕ ಬಂತು. ಅಜ್ಜಿಯ ಜೊತೆ ಮೊಮ್ಮಗನೂ ಸೇರಲೇಬೇಕು. ಹಳೆಯ ಪಾಠ ಯಾರಿಗೋ ನೆನಪಿತ್ತು ಅನ್ನಿಸುತ್ತೆ.

ಹಾಗಾಗಿ ತೆರಿಗೆ ಹೋಯ್ತು ಅಂತ ಚಪ್ಪಾಳೆ ತಟ್ಟೋಣ, ತಪ್ಪಿಲ್ಲ. ಆದರೆ ಈಗಾಗಲೇ ಪಾಲಿಸಿ ಇರೋ ನಮಗೆ ನಿಮಗೆ ಅದರಿಂದ ಉಳಿತಾಯ. ಪಾಲಿಸಿಯೇ ಇಲ್ಲದವನಿಗೆ, ಹತ್ತಾರು ಸಾವಿರದ ಕಂತಿನಲ್ಲಿ ತೆರಿಗೆ ಕಳೆದರೂ ಉಳಿಯೋದು ಸಾವಿರಗಳೇ. ಐದು ರೂಪಾಯಿ ಹೆಚ್ಚಾದದ್ದಕ್ಕೆ ಹೊರಗುಳಿದ ಆ ಐದು ಲಕ್ಷ ಜನರನ್ನು ಒಮ್ಮೆ ನೆನಪಿಸಿಕೊಳ್ಳಿ. ಅವರಲ್ಲಿ ಅದೇ ವರ್ಷ ಎದೆ ಹಿಡಿದುಕೊಂಡು ಕುಸಿದವರೂ ಇದ್ದಿರಬಹುದು. ಆಗ ಉಳಿದಿದ್ದು 120 ರೂಪಾಯಿ. ಹೋಗಿದ್ದು ಏನು?