ರಬ್ಬರ್ ಬೂಟಿನಿಂದ ಕೈಗಡಿಯಾರದವರೆಗೆ

ನೋಕಿಯಾ ಎಂದರೆ ನಮಗೆಲ್ಲ ಫೋನು. ಫಿನ್‌ಲೆಂಡಿನ ಹಳಬರಿಗೆ ಮಾತ್ರ ಅದು ಕೆಸರಿನಲ್ಲಿ ಹಾಕಿಕೊಳ್ಳುವ ರಬ್ಬರ್ ಬೂಟೂ ಹೌದು. ಇದನ್ನು ಓದಿದಾಗ ನನಗೆ ನಗು ಬಂತು. ಆಮೇಲೆ ಕುತೂಹಲ ಹುಟ್ಟಿತು.

1865ರಲ್ಲಿ ಫ್ರೆಡ್ರಿಕ್ ಇಡೆಸ್ಟಾಮ್ ಎಂಬ ಎಂಜಿನಿಯರು ಟಾಂಪೆರೆ ಊರಿನಲ್ಲಿ ಕಾಗದಕ್ಕೆ ಬೇಕಾದ ಮರದ ತಿರುಳಿನ ಗಿರಣಿ ಹಾಕಿದರು. ಎರಡನೆಯ ಗಿರಣಿ ನೋಕಿಯಾ ಎಂಬ ಊರಿನ ಹತ್ತಿರ ಬಂತು, ಹೆಸರು ಅಲ್ಲಿಯದೇ. 1967ರಲ್ಲಿ ಕಾಗದ, ರಬ್ಬರ್, ಕೇಬಲ್ ಕಂಪನಿಗಳು ಮೂರೂ ಸೇರಿ ಒಂದು ಕೂಡು ಕುಟುಂಬವಾದವು.

ಕೂಡು ಕುಟುಂಬದಲ್ಲಿ ಮುದ್ದಿನ ಮಗು ಬದಲಾಗುತ್ತಲೇ ಇರುತ್ತದೆಯಲ್ಲವೆ? 1981ರಲ್ಲಿ ನೋಕಿಯಾ 'ಮೈಕ್ರೋಮಿಕ್ಕೋ' ಎಂಬ ಕಂಪ್ಯೂಟರ್ ಹೊರತಂದಿತು. 1987ರಲ್ಲಿ ಮುಕ್ಕಾಲು ಕಿಲೋಗೂ ಹೆಚ್ಚು ತೂಗುವ ಕೈಫೋನು ಬಂತು. 1991ರಲ್ಲಿ ಫಿನ್‌ಲೆಂಡಿಗೆ ಆರ್ಥಿಕ ಸಂಕಟ ಬಂದಾಗ ಕಂಪ್ಯೂಟರ್ ವಿಭಾಗವನ್ನು ಬ್ರಿಟನ್ನಿನ ಐಸಿಎಲ್ ಕಂಪನಿಗೆ ಮಾರಿದರು. ಮರುವರ್ಷ ಮುಖ್ಯಸ್ಥರಾದ ಯೋರ್ಮಾ ಒಲ್ಲಿಲಾ, ದೂರಸಂಪರ್ಕವೊಂದೇ ಸಾಕು ಎಂದು ನಿರ್ಧರಿಸಿದರು. 1998ರ ಹೊತ್ತಿಗೆ ಮೊಬೈಲ್ ಫೋನು ತಯಾರಿಸುವವರಲ್ಲಿ ಜಗತ್ತಿಗೇ ನೋಕಿಯಾ ಮೊದಲು.

2003ರಲ್ಲಿ ಬಂದ ನೋಕಿಯಾ 1100 ನಮ್ಮ ಅತ್ತೆಯವರ ಬಳಿ ಬಹಳ ವರ್ಷ ಇತ್ತು. ಧೂಳಿಗೆ ಜಗ್ಗದ ಕೀಲಿಮಣೆ, ತಲೆಯ ಮೇಲೊಂದು ಪುಟ್ಟ ಟಾರ್ಚು. ಕರೆಂಟು ಹೋದರೆ ಅವರು ಮೇಣದಬತ್ತಿ ಹುಡುಕುತ್ತಿರಲಿಲ್ಲ. ಅಂಥ ಫೋನುಗಳು ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾದವು.

2007ರಲ್ಲಿ ಆಪಲ್ ಕಂಪನಿಯ ಐಫೋನು ಬಂತು. ಬೆರಳಿನಿಂದ ಗಾಜು ಸವರುವ ಕಾಲ ಶುರುವಾಯಿತು. ನೋಕಿಯಾ ತನ್ನ ಹಳೆಯ ತಂತ್ರಾಂಶವನ್ನು ಬೇಗ ಬಿಡಲಿಲ್ಲ. ಕೊನೆಗೆ 2014ರಲ್ಲಿ ಫೋನಿನ ವ್ಯಾಪಾರ ಮೈಕ್ರೋಸಾಫ್ಟಿನ ಪಾಲಾಯಿತು. 2016ರಲ್ಲಿ ವಿಥಿಂಗ್ಸ್ ಎಂಬ ಫ್ರೆಂಚ್ ಕಂಪನಿಯನ್ನು ಕೊಂಡು, ಹೆಜ್ಜೆ ಎಣಿಸುವ ಕೈಗಡಿಯಾರಗಳ ಮೇಲೆ ತನ್ನ ಹೆಸರು ಹಾಕಿತು. 2018ರಲ್ಲಿ ಅದನ್ನೂ ಅದರ ಸ್ಥಾಪಕರಲ್ಲೊಬ್ಬರಿಗೆ ಮರಳಿ ಮಾರಿತು. ಈಗ ಅದರ ಮುಖ್ಯ ಕಸುಬು ಮೊಬೈಲ್ ಜಾಲದ ಯಂತ್ರಗಳು.

ಬದುಕಲು ಬಲ್ಲ ಕಂಪನಿ ಎಂದು ಮೆಚ್ಚಬಹುದು. ಆದರೆ ಚೆನ್ನೈ ಸಮೀಪದ ಶ್ರೀಪೆರುಂಬುದೂರಿನ ಕಾರ್ಖಾನೆ ನೆನಪಾದರೆ ನನ್ನ ಮೆಚ್ಚುಗೆ ಅರ್ಧಕ್ಕೇ ನಿಲ್ಲುತ್ತದೆ. 2006ರಲ್ಲಿ ತೆರೆದ ಅಲ್ಲಿ ಸಾವಿರಾರು ಮಂದಿ ದುಡಿದರು. ಅವರಲ್ಲಿ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳೇ ಬಹಳ. ತೆರಿಗೆಯ ವ್ಯಾಜ್ಯದಿಂದಾಗಿ ಆ ಕಾರ್ಖಾನೆ ಮೈಕ್ರೋಸಾಫ್ಟಿನ ವ್ಯವಹಾರಕ್ಕೆ ಸೇರದೆ ಹೊರಗುಳಿಯಿತು. 2014ರ ನವೆಂಬರಿನಲ್ಲಿ ಬಾಗಿಲು ಮುಚ್ಚಿತು.

ಕಂಪನಿ ಕಸುಬು ಬದಲಿಸಿದರೆ ಅದನ್ನು ಜಾಣತನ ಎನ್ನುತ್ತೇವೆ. ಹತ್ತೊಂಬತ್ತರ ವಯಸ್ಸಿನಲ್ಲಿ ಸಂಬಳ ಕಂಡು, ಇಪ್ಪತ್ತೈದಕ್ಕೆ ಅದನ್ನು ಕಳೆದುಕೊಂಡ ಹುಡುಗಿಯೂ ಬದಲಾಗಲೇಬೇಕು. ಆದರೆ ಮಾರಲು ಅವಳ ಬಳಿ ವಿಭಾಗಗಳಿಲ್ಲ, ಇರುವುದು ಎರಡು ಕೈ. ಆ ಟಾರ್ಚಿನ ಫೋನುಗಳ ಕಾಲದ ಚರಿತ್ರೆ ಬರೆಯುವವರು ಆ ಕೈಗಳಿಗೂ ಒಂದು ಪುಟ ಬಿಡಬೇಕು.